ಸರ್ಕಾರಕ್ಕೆ ಹಾಕಿದ ಎಲೆ

ನಮ್ಮ ಕೆಂಚನದೊಡ್ಡಿಯಲ್ಲಿ ಗಂಡಿಗೆ ಹೆಣ್ಣು ಸಿಗುವುದು ಕಷ್ಟ, ಸಾಲಕ್ಕೆ ಜಾಮೀನು ಸಿಗುವುದು ಅದಕ್ಕಿಂತ ಕಷ್ಟ. ಜಾಮೀನು ಎಂದರೆ ಕಾಗದದ ಮೇಲೆ ಒಂದು ರುಜು ಎಂದು ತಿಳಿದವರು ನಮ್ಮ ಊರಿಗೆ ಬಂದು ನೋಡಬೇಕು. ಜಾಮೀನು ನಿಲ್ಲುವವನು ಮೊದಲು ಮನೆ ನೋಡಲು ಬರುತ್ತಾನೆ. ಹಟ್ಟಿ, ರೇಷ್ಮೆಯ ಹುಳುಮನೆ, ಹಿತ್ತಿಲು ಎಲ್ಲ ಸುತ್ತಿ ಒಂದು ಸಲ ಕೆಮ್ಮುತ್ತಾನೆ. ಆಮೇಲೆ ಅವನಿಗೆ ಪಡಸಾಲೆಯಲ್ಲಿ ಮೊದಲ ಎಲೆ ಹಾಕಿ, ಮುದ್ದೆ, ನಾಟಿಕೋಳಿ ಸಾರು ಬಡಿಸಬೇಕು. ಉಂಡು ಕೈ ತೊಳೆದು, ಎಲೆ ಅಡಿಕೆ ಹಿಡಿದು ‘ಇವನಿಗೆ ನಾನಿವ್ನಿ’ ಎಂದರೆ ಜಾಮೀನು ಕುದುರಿತು. ಬ್ಯಾಂಕಿನ ರುಜು ಗಿಜು ಎಲ್ಲ ಆಮೇಲಿನ ಶಾಸ್ತ್ರ.

ಈ ಕೆಲಸದಲ್ಲಿ ಪಳಗಿದವನು ಮುನಿಶಾಮಯ್ಯ. ತೆಂಗಿನ ತೋಟ, ಟ್ರಾಕ್ಟರು, ಎರಡಂತಸ್ತಿನ ಮನೆ ಎಲ್ಲ ಇದ್ದುದರಿಂದ ಬ್ಯಾಂಕಿನವರಿಗೆ ಅವನ ರುಜು ಎಂದರೆ ಪ್ರೀತಿ. ಊರಿನ ಎಷ್ಟೋ ಮನೆಗಳಲ್ಲಿ ಅವನು ಮೊದಲ ಎಲೆಯಲ್ಲಿ ಉಂಡಿದ್ದಾನೆ. ಅವನ ಹೊಟ್ಟೆಯನ್ನು ನೋಡಿಯೇ ಊರಿನಲ್ಲಿ ಎಷ್ಟು ಸಾಲವಿದೆ ಎಂದು ಅಂದಾಜು ಮಾಡಬಹುದಿತ್ತು. ಆದರೆ ಸ್ವಂತ ತಂಗಿ ಭಾನುಪ್ರಿಯಳ ಗಂಡ ಅನಂತರಾಜುವಿಗೆ ಮಾತ್ರ ಅವನು ಈ ಕತೆ ನಡೆಯುವವರೆಗೆ ಜಾಮೀನು ನಿಂತಿರಲಿಲ್ಲ.

ಅದಕ್ಕೆ ಕಾರಣವಿದೆ. ಅನಂತರಾಜು ನನ್ನ ಪಕ್ಕದ ಮನೆಯವನು, ಅವನ ಬಗ್ಗೆ ಕೆಟ್ಟದ್ದು ಹೇಳಬಾರದು, ಆದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ. ಒಮ್ಮೆ ರೇಷ್ಮೆಹುಳುವಿಗೆ ಔಷಧಿ ತರಲು ಕನಕಪುರಕ್ಕೆ ಹೋದವನು ಛತ್ರವೊಂದರ ಮುಂದೆ ಜನ ನೋಡಿ, ನೆಂಟರ ಮದುವೆ ಇವತ್ತೇ ಇರಬೇಕು ಎಂದುಕೊಂಡು ಒಳಗೆ ಹೋಗಿ, ಉಂಡು, ಮುಯ್ಯಿ ಬರೆಸಿ, ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಫೋಟೋಗೂ ನಿಂತು ಬಂದಿದ್ದ. ಅದು ಯಾರ ಮದುವೆ ಎಂದು ಇವತ್ತಿಗೂ ಗೊತ್ತಾಗಿಲ್ಲ. ಅನಂತರಾಜುವಿನ ಕಿವಿಯಲ್ಲಿ ದೋಷವಿಲ್ಲ, ಕಣ್ಣಿನಲ್ಲಿಯೂ ಇಲ್ಲ. ಎಲ್ಲವನ್ನೂ ಸರಿಯಾಗಿ ಕೇಳುತ್ತಾನೆ, ಸರಿಯಾಗಿ ನೋಡುತ್ತಾನೆ. ಆದರೆ ಆಮೇಲೆ ಯೋಚನೆ ಮಾಡುತ್ತಾನೆ. ಕೆಡುವುದು ಅಲ್ಲಿ.

ಅವನ ಮಗಳು ಸಿರಿಗೆ ಮೈಸೂರಿನ ಕಾಲೇಜಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. ಹಾಗೆಂದರೆ ಏನೆಂದು ಊರಿಗೆ ತಿಳಿಯಲಿಲ್ಲ. ಅನಂತರಾಜುವಿನ ತಾಯಿ ಮುನಿಯಮ್ಮನಿಗೆ ಮಾತ್ರ ತಕ್ಷಣ ತಿಳಿಯಿತು. “ನನ್ನ ಮೊಮ್ಮಗ್ಳು ಮಂಡಿ ಡಾಕ್ಟ್ರಾಯ್ತಾಳೆ” ಎಂದು ಮಂಡಿ ಹಿಡಿದುಕೊಂಡೇ ಬೀದಿಗೆಲ್ಲ ಸಾರಿದಳು. ಊರಿನ ಮುದುಕಿಯರೆಲ್ಲ ಅಂದಿನಿಂದ ಸಿರಿಯನ್ನು ಕಂಡರೆ ಸೀರೆ ಸ್ವಲ್ಪ ಮೇಲೆತ್ತಿ ಮಂಡಿ ತೋರಿಸತೊಡಗಿದರು. ಸೀಟು ಸಿಕ್ಕಿತು ಸರಿ, ಕಾಲೇಜಿನ ಫೀಸಿಗೆ ಬ್ಯಾಂಕಿನ ಸಾಲ ಆಗಬೇಕಿತ್ತು. ಜಾಮೀನು ಬೇಕಾಗಬಹುದು ಎಂದುಕೊಂಡು ಅನಂತರಾಜು ಭಾವನನ್ನು ಮನೆಗೆ ಕರೆದ. ಮುನಿಶಾಮಯ್ಯ ಬಂದ, ಮನೆ ಸುತ್ತಿದ, ಕೆಮ್ಮಿದ, ಉಂಡ. ಎಲೆ ಅಡಿಕೆ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ.

“ಒಸಿ ಯೋಚ್ನೆ ಮಾಡ್ಬೇಕು ಕಣ್ಲಾ ಅನಂತ. ಕೋಳಿ ಬಲ್ತಿತ್ತು.”

ಹೀಗೆ ಯೋಚನೆ ಮಾಡಲು ಅವನು ಇನ್ನೂ ಕೆಲವು ಸಲ ಬಂದ. ಹಿತ್ತಿಲಿನಲ್ಲಿ ಕೋಳಿಗಳು ಕಡಿಮೆಯಾದವು, ಯೋಚನೆ ಮುಗಿಯಲಿಲ್ಲ.

ಒಂದು ಸೋಮವಾರ ಅನಂತರಾಜು ಮಗಳನ್ನು ಕರೆದುಕೊಂಡು, ಸಾಲಕ್ಕೆ ಅರ್ಜಿ ಕೊಟ್ಟಿದ್ದ ಕನಕಪುರದ ಬ್ಯಾಂಕಿಗೆ ಹೋದ. ಅಲ್ಲಿ ರಮ್ಯಾ ಎಂಬ ಆಫೀಸರು, ಕನ್ನಡಕ ಹಾಕಿಕೊಂಡ ಹುಡುಗಿ, ಸಿರಿಯನ್ನು ಯಾವುದೋ ಜೆರಾಕ್ಸ್ ಮಾಡಿಸಿಕೊಂಡು ಬರಲು ಹೊರಗೆ ಕಳಿಸಿ ಅನಂತರಾಜುವಿಗೆ ಹೇಳಿದಳು.

“ನೋಡಿ, ಈ ಸಾಲಕ್ಕೆ ನೀವು ಯಾರ ಜಾಮೀನೂ ತರೋದು ಬೇಡ. ಸರ್ಕಾರವೇ ಗ್ಯಾರಂಟಿ ನಿಲ್ಲುತ್ತೆ.”

ಅನಂತರಾಜು ಕುರ್ಚಿಯಿಂದ ಎದ್ದು ನಿಂತ. “ಸರ್ಕಾರನಾ ಮೇಡಂ? ನನ್ಗಾ?”

“ಹೌದು. ಎಲ್ಲಾ ಆಗಿದೆ, ಮನೆ ನೋಡೋದೊಂದು ಬಾಕಿ. ಬುಧವಾರ ಬಂದು ನೋಡ್ಕೊಂಡು ಹೋಗ್ತೀವಿ. ಶುಕ್ರವಾರದೊಳಗೆ ಫೀಸು ಕಟ್ಟದಿದ್ರೆ ಸೀಟು ಬೇರೆಯವರಿಗೆ ಹೋಗುತ್ತೆ, ಬುಧವಾರ ಎಲ್ಲೂ ಹೋಗ್ಬೇಡಿ.”

ಇಷ್ಟೇ ಮಾತು. ಇದನ್ನು ಅನಂತರಾಜು ಒಂದಕ್ಷರ ಬಿಡದೆ ಕೇಳಿದ. ಆಮೇಲೆ, ನಾನು ಹೇಳಿದೆನಲ್ಲ, ಯೋಚನೆ ಮಾಡಿದ. ಜಾಮೀನು ನಿಲ್ಲುವುದು ಸರ್ಕಾರ. ಬುಧವಾರ ಮನೆ ನೋಡಲು ಬರುತ್ತಾರೆ. ಜಾಮೀನು ನಿಲ್ಲುವವರು ತಾನೇ ಮನೆ ನೋಡಲು ಬರುವುದು? ಅಂದರೆ ಬುಧವಾರ ಸರ್ಕಾರ ಮನೆಗೆ ಬರುತ್ತದೆ. ಬಂದರೆ ಎಲೆ ಹಾಕಬೇಕು. ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವನ ಹಳೆಯ ಗೆಳೆಯ ಖಲಂದರ್ ಸಿಕ್ಕಿದ. ಖಲಂದರ್ ರೇಷ್ಮೆ ಬಿಚ್ಚುವ ಕೆಲಸದವನು, ಗೂಡಿನ ಮಾರುಕಟ್ಟೆಯಲ್ಲಿ ಆದ ಸ್ನೇಹ.

“ಖಲಂದರ್ ಸಾಬ್ರೇ, ಸರ್ಕಾರನೇ ನನಗೆ ಜಾಮೀನು ನಿಲ್ತೈತೆ. ಬುದ್ವಾರ ಮನೆ ನೋಡಕ್ಕೆ ಬತ್ತದೆ.”

ಖಲಂದರ್ ಬೀಡಿ ಕೆಳಗೆ ಹಾಕಿ ಹೊಸಕಿದ. “ನಿಜವಾಗ್ಲೂ? ನಮ್ಮ ಬೀದಿ ಅಮೀರ್ ಮಗನಿಗೆ ಅವ್ನ ಚಿಕ್ಕಪ್ಪನೇ ನಿಲ್ಲಲಿಲ್ಲ ಕಣಯ್ಯ. ನಿಂಗೆ ಸರ್ಕಾರ ನಿಲ್ತದಾ? ನಾನೂ ಬತ್ತೀನಿ. ಇಂಥದ್ದಕ್ಕೆಲ್ಲ ಸಾಕ್ಷಿ ಇರ್ಬೇಕು.”

ಮಾತು ಬಸ್ಸು ಹತ್ತಿತು. ಅನಂತರಾಜು ಊರಿಗೆ ಬಂದು ಇಳಿಯುವಷ್ಟರಲ್ಲಿ ದೊಡ್ಡಆಲಹಳ್ಳಿಯಿಂದ ಉಯ್ಯಂಬಳ್ಳಿಯವರೆಗೂ ಸುದ್ದಿ ಇಳಿದಿತ್ತು. ಇಳಿದವನು ಮನೆಗೂ ಹೋಗದೆ ನೇರ ಮುನಿಶಾಮಯ್ಯನ ಜಗುಲಿಗೆ ಹೋಗಿ ನಿಂತ. ಅವನ ಬದುಕಿನಲ್ಲಿ ಅಂಥ ಗಳಿಗೆ ಹಿಂದೆ ಬಂದಿರಲಿಲ್ಲ.

“ಭಾವ, ನಿನ್ನ ಯೋಚ್ನೆ ಇಲ್ಗೇ ನಿಲ್ಸು. ಸರ್ಕಾರ ನನಗೆ ನಿಲ್ತೈತೆ.”

ಮುನಿಶಾಮಯ್ಯ ಹಲ್ಲುಕಡ್ಡಿ ಬಾಯಿಂದ ತೆಗೆದ. ಒಂದು ಪ್ರಶ್ನೆ ಕೇಳಿದ. “ಅದ್ಸರಿ, ಸರ್ಕಾರಕ್ಕೆ ಜಾಮೀನು ಯಾರ್ಲಾ?”

ಇದಕ್ಕೆ ಉತ್ತರ ಇವತ್ತಿಗೂ ದೊಡ್ಡ ದೊಡ್ಡವರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಸಿರಿ ಮನೆಯಲ್ಲಿ ಗೋಳಾಡಿದಳು. “ಅಪ್ಪಾ, ಬರೋದು ರಮ್ಯಾ ಮೇಡಂ ಒಬ್ರೇ. ಸರ್ಕಾರ ಅಂದ್ರೆ ಒಬ್ಬ ಮನ್ಷ ಅಲ್ಲ ಕಣಪ್ಪಾ.”

“ದುಡ್ಡು ಕೊಡೋ ಬ್ಯಾಂಕ್ನೋರೇ ಬಂದು ನೋಡ್ವಾಗ, ಜಾಮೀನು ನಿಲ್ಲೋ ಸರ್ಕಾರ ನೋಡ್ದೆ ನಿಲ್ತದಾ? ನಿಮ್ಮ ಮಾವನ್ನ ನೋಡ್ಲಿಲ್ವಾ, ಒಲೆ ಒಳ್ಗೂ ಬಗ್ಗಿ ನೋಡ್ತಾನೆ.”

ಮುನಿಯಮ್ಮ ಮಗನ ಪರ ನಿಂತಳು. “ಬಂದು ಉಣ್ಲಿ ಬುಡವ್ವ. ನಂಗೆ ತಿಂಗ್ಳು ತಿಂಗ್ಳು ಪಿಂಚಣಿ ಕೊಡೋದು ಅದೇ ಅಲ್ವಾ? ಒಂದೊತ್ತು ಮುದ್ದೆ ಇಕ್ಕುದ್ರೆ ನಮ್ಗೇನು ಕಮ್ಮಿಯಾಯ್ತದೆ.”

ಮಂಗಳವಾರ ಬೆಳಿಗ್ಗೆಯಿಂದ ಊರು ಊರಾಗಿ ಉಳಿಯಲಿಲ್ಲ. ಮೊದಲು ಎದ್ದ ಸಮಸ್ಯೆ ಸರ್ಕಾರ ಏನು ಉಣ್ಣುತ್ತದೆ ಎಂಬುದು. ಅರಳಿಕಟ್ಟೆಯಲ್ಲಿ ಸೇರಿ ಚರ್ಚೆ ಮಾಡಿದೆವು. ಸರ್ಕಾರದಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಆದ್ದರಿಂದ ಒಂದು ಕಡೆ ಬಾಡು, ಒಂದು ಕಡೆ ಮಸ್ಸೊಪ್ಪು ಎಂದು ತೀರ್ಮಾನವಾಯಿತು. ಕೋಳಿಯನ್ನು ಖಲಂದರ್ ಕೈಯಲ್ಲಿ ಕೊಯ್ಯಿಸಿದರೆ ಸರ್ಕಾರದಲ್ಲಿ ಯಾರಿದ್ದರೂ ಉಣ್ಣಬಹುದು ಎಂದು ಮುನಿಯಮ್ಮನೇ ಹೇಳಿದಳು. ಸಂವಿಧಾನ ಬರೆದವರೂ ಇಷ್ಟು ಹೊತ್ತು ಕೂತಿರಬಹುದು, ಇಷ್ಟು ಒಮ್ಮತದಿಂದ ಎದ್ದಿರಲಾರರು.

“ಎಷ್ಟು ಜನಕ್ಕೆ ಮುದ್ದೆ ತಿರುವ್ಲಿ, ಅದನ್ನ ಹೇಳಿ ಮೊದ್ಲು” ಎಂದು ಭಾನುಪ್ರಿಯ ಒಳಗಿನಿಂದ ಕೂಗಿದಳು.

ಪಂಚಾಯಿತಿಗೆ ಸುದ್ದಿ ಮುಟ್ಟಿದ್ದು ‘ಬುಧವಾರ ಸರ್ಕಾರ ಬರುತ್ತದಂತೆ’ ಎಂದು. ಯಾರು, ಯಾಕೆ ಎಂದು ಮೇಲಿನವರನ್ನು ಕೇಳಿದರೆ ‘ನಿಮಗೆ ಗೊತ್ತಿಲ್ಲವೇ’ ಎಂದು ಬೈಸಿಕೊಳ್ಳಬೇಕು. ಹಾಗಾಗಿ ಅವರು ಯಾರನ್ನೂ ಕೇಳದೆ ಚರಂಡಿ ತೆಗೆಸಿದರು, ಬೀದಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆಸಿದರು, ಎಂದೋ ಕೆಟ್ಟಿದ್ದ ಬೀದಿದೀಪ ಹಗಲು ಹೊತ್ತಿನಲ್ಲೇ ಉರಿಯುವಂತೆ ಮಾಡಿದರು. ಊರವರು ತಮ್ಮ ತಮ್ಮ ಕೆಲಸ ಹಿಡಿದುಕೊಂಡು ಅನಂತರಾಜುವಿನ ಬಾಗಿಲಿಗೆ ಬಂದರು. ಒಬ್ಬನಿಗೆ ಟ್ರಾಕ್ಟರಿಗೆ ಸರ್ಕಾರದ ಜಾಮೀನು ಬೇಕಿತ್ತು. ಕೆಳಗಿನ ಬೀದಿಯ ಮುದುಕಿಯೊಬ್ಬಳು ಮಗನನ್ನೇ ಎಳೆದುಕೊಂಡು ಬಂದಿದ್ದಳು.

“ಅನಂತಣ್ಣ, ಇವ್ನಿಗೆ ಎಲ್ಲೂ ಹೆಣ್ಣು ಕೊಡ್ತಿಲ್ಲ. ‘ಹುಡ್ಗ ಒಳ್ಳೇವ್ನು, ನಾನಿವ್ನಿ’ ಅಂತ ಸರ್ಕಾರ ಒಂದು ಮಾತು ನಿಂತ್ರೆ ಯಾರಾದ್ರೂ ಕೊಡ್ತಾರೆ.”

“ನೋಡವ್ವ, ಊಟ ಆದ್ಮೇಲೆ ಸರ್ಕಾರ ಮೆತ್ತಗಿರ್ತದೆ, ಆಗ ಕೇಳಾನ” ಎಂದ ಅನಂತರಾಜು. ಅವನ ದನಿಯೇ ಬದಲಾಗಿತ್ತು. ಮಾತಿಗೆ ಮುಂಚೆ ಒಂದು ಸಲ ಕೆಮ್ಮುವುದನ್ನೂ ಕಲಿತಿದ್ದ.

ಕೊನೆಗೆ ಫ್ಲೆಕ್ಸು. ಒಂದು ಮೂಲೆಯಲ್ಲಿ ಸಿರಿ, ನಡುವೆ ಕೈಮುಗಿದ ಅನಂತರಾಜು, ಅವನ ಕೊರಳಿಗೆ ಕಂಪ್ಯೂಟರಿನಲ್ಲಿಯೇ ಒಂದು ದೊಡ್ಡ ಹೂವಿನ ಹಾರ. ಸರ್ಕಾರದ ಫೋಟೋ ಸಿಗದೆ ವಿಧಾನಸೌಧ ಹಾಕಿಸಿದರು. ಕೆಳಗೆ ‘ಜಾಮೀನುದಾರರಿಗೆ ಸುಸ್ವಾಗತ’. ಅದನ್ನು ಊರ ಬಾಗಿಲಿಗೆ ಕಟ್ಟಿದಾಗ ಅಕ್ಷರದ ಭಾಗ ಹುಣಸೆ ಕೊಂಬೆಯ ಹಿಂದೆ ಮರೆಯಾಯಿತು. ಹಾರ ಹಾಕಿಕೊಂಡ ಅನಂತರಾಜು ಮಾತ್ರ ಚೆನ್ನಾಗಿ ಕಾಣುತ್ತಿದ್ದ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬುಧವಾರ ಬಂತು. ಮನೆ ಮುಂದೆ ಶಾಮಿಯಾನ, ಉಯ್ಯಂಬಳ್ಳಿಯಿಂದ ಬಂದ ತಮಟೆಯವರು, ಆರತಿ ತಟ್ಟೆ ಹಿಡಿದ ಹೆಂಗಸರು. ಬಿಸಿಲೇರಿದ ಹೊತ್ತಿಗೆ ದೂರದಲ್ಲಿ ಧೂಳೆದ್ದಿತು. ಒಂದು ಬಿಳಿಯ ಜೀಪು. ಅದರ ಹಣೆಯ ಮೇಲೆ ಕೆಂಪಕ್ಷರದಲ್ಲಿ ‘ಕರ್ನಾಟಕ ಸರ್ಕಾರ’ ಎಂದು ಬರೆದಿತ್ತು. ಇದಕ್ಕಿಂತ ಇನ್ನೇನು ಬೇಕು? ತಮಟೆ ಬಿತ್ತು, ಆರತಿ ಎದ್ದಿತು, ನಾನೂ ಕೈಮುಗಿದೆ. ಸರ್ಕಾರ ಬರುತ್ತದೆ ಎಂದು ಜನ ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೆ, ಬಂದದ್ದನ್ನು ನೋಡಿದ್ದು ಅದೇ ಮೊದಲು.

ಜೀಪಿನಿಂದ ಒಬ್ಬನೇ ಇಳಿದ. ಸಣಕಲು ಆಳು, ಖಾಕಿ ಅಂಗಿ, ಕೈಯಲ್ಲಿ ಖಾಲಿ ನೀರಿನ ಕ್ಯಾನು. ಹೆಸರು ಮಧುಕುಮಾರ್. ಸಾಹೇಬರನ್ನು ಎಲ್ಲೋ ಇಳಿಸಿ ವಾಪಸು ಹೋಗುತ್ತಿದ್ದವನು, ಇಂಜಿನ್ನು ಕಾಯ್ದಿತ್ತೆಂದು ನೀರು ಕೇಳಲು ನಿಲ್ಲಿಸಿದ್ದ.

“ಒಂದು ಕ್ಯಾನು ನೀರು…” ಎಂದ.

“ನೀರ್ಯಾಕೆ ಸ್ವಾಮಿ, ಮಜ್ಜಿಗೆ ಐತೆ” ಎಂದು ಅನಂತರಾಜು ಕ್ಯಾನು ಕಿತ್ತುಕೊಂಡ. ಭಾನುಪ್ರಿಯ ಕಾಲಿಗೆ ನೀರು ಕೊಟ್ಟಳು. ಮಧುಕುಮಾರನನ್ನು ಹಟ್ಟಿ, ಹುಳುಮನೆ, ಹಿತ್ತಿಲು ಎಲ್ಲ ಸುತ್ತಿಸಿದರು. ಹುಳುಮನೆಯ ಧೂಳಿಗೆ ಅವನು ಕೆಮ್ಮಿದ.

“ಕೆಮ್ಮುದ್ರು” ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಜಾಮೀನು ಅರ್ಧ ಕುದುರಿತ್ತು.

“ನಾನು ಬರೀ ಡ್ರೈವರ್ರು ಕಣಣ್ಣ” ಎಂದು ಮಧುಕುಮಾರ್ ಎರಡು ಸಲ ಹೇಳಿದ. ದೊಡ್ಡವರು ಹೀಗೇ ತಗ್ಗಿ ನಡೆಯುತ್ತಾರೆ ಎಂದು ಎಲ್ಲರೂ ಮೆಚ್ಚಿದರು. ಬೆಳಿಗ್ಗೆಯಿಂದ ಏನೂ ತಿಂದಿರದವನು, ಮುಂದೆ ಬಾಳೆ ಎಲೆ, ಎಲೆಯ ಮೇಲೆ ಮುದ್ದೆ, ಮುದ್ದೆಯ ಪಕ್ಕದಲ್ಲಿ ಕೋಳಿಯ ಕಾಲು. ಮೂರನೆಯ ಸಲ ಹೇಳಲಿಲ್ಲ.

ಎದುರಿಗೆ ಮುನಿಶಾಮಯ್ಯ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ತನ್ನ ಎಲೆಯಲ್ಲಿ ಇನ್ನೊಬ್ಬ ಉಣ್ಣುವುದನ್ನು ನೋಡಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಪರೀಕ್ಷೆಗೆ ಒಂದು ಪ್ರಶ್ನೆ ಹಾಕಿದ.

“ಸ್ವಾಮಿ, ತಾವು ಎಷ್ಟು ವರ್ಷ ನಿಲ್ತೀರಿ?”

ಕೆಲಸದ ಬಗ್ಗೆ ಕೇಳಿದ್ದಾರೆ ಎಂದುಕೊಂಡ ಮಧುಕುಮಾರ್ ಮುದ್ದೆ ನುಂಗಿ ನಿಟ್ಟುಸಿರು ಬಿಟ್ಟ. “ವರ್ಷ ಎಲ್ಲಿಂದ ಬಂತಣ್ಣ. ಎಲ್ಲಾ ಗುತ್ತಿಗೆ ಲೆಕ್ಕ. ಇವತ್ತಿದ್ದೀವಿ, ನಾಳೆ ಇರ್ತೀವೋ ಇಲ್ವೋ.”

ಈ ಮಾತು ಪಡಸಾಲೆಯಿಂದ ಜಗುಲಿಗೆ, ಜಗುಲಿಯಿಂದ ಶಾಮಿಯಾನಕ್ಕೆ ಹೋಯಿತು. ಸರ್ಕಾರವೇ ಬಾಯಿಬಿಟ್ಟು ಹೇಳಿತಂತೆ, ನಾಳೆ ಇರುತ್ತದೋ ಇಲ್ಲವೋ ಎಂದು. ತಮಟೆ ನಿಂತಿತು. ಕೆಳಬೀದಿಯ ಮುದುಕಿ ಮಗನನ್ನು ಎಳೆದುಕೊಂಡು ಹಿಂದಕ್ಕೆ ಸರಿದಳು. ಖಲಂದರ್ ಮೇಲೆ ನೋಡಿ ಏನೋ ಪ್ರಾರ್ಥನೆ ಮಾಡಿದ. ಅನಂತರಾಜು ಸಾರಿನ ಸೌಟು ಹಿಡಿದು ಸರ್ಕಾರದ ಎಲೆಗೆ ಇನ್ನೊಂದು ತುಂಡು ಹಾಕಿದ.

ಇದೇ ಹೊತ್ತಿಗೆ ಊರ ಬಾಗಿಲಿನಲ್ಲಿ ಇನ್ನೊಂದು ಅನಾಹುತ ನಡೆಯುತ್ತಿತ್ತು. ರಮ್ಯಾ ಮೇಡಂ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಬಂದು, ಹುಣಸೆ ಮರದಡಿ ನಿಂತಿದ್ದವರನ್ನು ಕೇಳಿದಳು.

“ನಾನು ಬ್ಯಾಂಕಿಂದ ಬಂದಿದೀನಿ. ಅನಂತರಾಜು ಅವರ ಮನೆ ಯಾವುದು?”

ನಮ್ಮ ಊರಿನ ಒಂದು ಸದ್ಗುಣವನ್ನು ಇಲ್ಲಿ ಹೇಳಬೇಕು. ಬ್ಯಾಂಕು, ಸಂಘ, ಫೈನಾನ್ಸು ಎಂದು ಸ್ಕೂಟರಿನಲ್ಲಿ ಯಾರೇ ಬಂದು ಯಾರ ಮನೆ ಕೇಳಿದರೂ ಸಾಲ ವಸೂಲಿಗೆಂದೇ ತಿಳಿದು ಊರು ಒಗ್ಗಟ್ಟಾಗಿ ಬಿಡುತ್ತದೆ. ಒಳಗೊಳಗೆ ಎಷ್ಟೇ ಜಗಳವಿರಲಿ, ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ.

“ಅಂಥೋರು ಯಾರೂ ಇಲ್ಲ ಕಣವ್ವ ಇಲ್ಲಿ” ಎಂದರು ಎಲ್ಲರೂ.

ರಮ್ಯಾ ತಲೆಯೆತ್ತಿ ಫ್ಲೆಕ್ಸು ನೋಡಿದಳು. “ಇವರೇ ಅಲ್ವಾ?”

ಗುಂಪು ಒಂದು ಕ್ಷಣ ತಬ್ಬಿಬ್ಬಾಯಿತು. ಆಗ ಯಾರೋ ಹೇಳಿದರು. ಆ ಮಾತು ಆಡಿದವರು ಯಾರು ಎಂದು ಊರಿನಲ್ಲಿ ಇಂದಿಗೂ ಚರ್ಚೆಯಿದೆ. ಕೆಲವರು ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನು ಆಗ ಪಡಸಾಲೆಯಲ್ಲಿದ್ದೆ ಎಂಬುದಕ್ಕೆ ಸಾಕ್ಷಿಗಳಿದ್ದಾರೆ.

“ಅವ್ರು ತೀರ್ಕೊಂಡ್ರು ಕಣವ್ವ.”

ರಮ್ಯಾ ಹೆಲ್ಮೆಟ್ ತೆಗೆದಳು. “ಅಯ್ಯೋ, ಸೋಮವಾರ ನನ್ನ ಮುಂದೆ ಕೂತಿದ್ರಲ್ಲ?”

“ನಿನ್ನೆ ಹೋದ್ರು. ಕೂತಂಗೇ.”

ಆ ಹುಡುಗಿ ನಂಬದೆ ಏನು ಮಾಡಬೇಕು? ಹಾರ ಹಾಕಿದ ಫೋಟೋ ಮೇಲಿದೆ. ದೂರದಲ್ಲಿ ಶಾಮಿಯಾನ ಕಾಣುತ್ತಿದೆ. ಬರುವಾಗ ತಮಟೆ ಕೇಳಿಸಿತ್ತು. ಬೀದಿಯ ಉದ್ದಕ್ಕೂ ಬ್ಲೀಚಿಂಗ್ ಪೌಡರು ಹಾಕಿದ್ದಾರೆ. ಕಣ್ಣೊರೆಸಿಕೊಂಡು ಸಿರಿಗೆ ಫೋನು ಮಾಡಿದಳು.

ಸಿರಿ ಆಗ ಪಡಸಾಲೆಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಫೋನು ಎತ್ತಿದಳು.

“ಸಿರಿ, ಧೈರ್ಯ ತಗೋಮ್ಮ. ಅಪ್ಪ ಹೋಗ್ಬಿಟ್ರಂತೆ. ಈ ಹೊತ್ತಲ್ಲಿ ಹೇಳಬಾರದು, ಆದ್ರೂ ಹೇಳ್ತೀನಿ. ಅಪ್ಪನ ಬದಲು ಅಮ್ಮನ ಹೆಸರು ಹಾಕಿ ಎಲ್ಲಾ ಮೊದಲಿಂದ ಮಾಡ್ಬೇಕಾಗುತ್ತೆ. ಶುಕ್ರವಾರದೊಳಗೆ ಆಗಲ್ಲ. ನಾನು ವಾಪಸು ಹೋಗ್ತಾ ಇದೀನಿ.”

ಸಿರಿ ಅಪ್ಪನನ್ನು ನೋಡಿದಳು. ಅಪ್ಪ ಡ್ರೈವರನ ಎಲೆಗೆ ಸಾರು ಬಿಡುತ್ತಿದ್ದ. “ಮೇಡಂ, ಅಪ್ಪ ಇಲ್ಲೇ ಬಡಿಸ್ತಾವ್ರೆ” ಎಂದಳು. ಆ ಕಡೆ ಸ್ಕೂಟರು ಸ್ಟಾರ್ಟ್ ಆದ ಸದ್ದು ಕೇಳಿ, ಚೊಂಬನ್ನು ಮುನಿಶಾಮಯ್ಯನ ತೊಡೆಯ ಮೇಲಿಟ್ಟು, ಅಪ್ಪನ ತೋಳು ಹಿಡಿದು ಓಡಿದಳು.

“ಅಪ್ಪಾ, ಓಡು. ನೀನು ಸತ್ತೋಗಿದ್ದೀಯಂತೆ. ಮೇಡಂ ಹೊಂಟೋದ್ರೆ ನನ್ನ ಸೀಟು ಹೋಯ್ತದೆ.”

ಅನಂತರಾಜು ಇದನ್ನೂ ಸರಿಯಾಗಿ ಕೇಳಿದ. ಪುಣ್ಯಕ್ಕೆ ಯೋಚನೆ ಮಾಡಲು ಹೊತ್ತಿರಲಿಲ್ಲ. ಸೌಟು ಹಿಡಿದುಕೊಂಡೇ ಓಡಿದ. ಅವನ ಹಿಂದೆ ಭಾನುಪ್ರಿಯ, ಅವಳ ಹಿಂದೆ ಖಲಂದರ್, ನಾನು, ಊರಿಗೆ ಊರು. ಏನೋ ಆಗಿದೆ ಎಂದುಕೊಂಡು ತಮಟೆಯವರು ಬಾರಿಸುತ್ತಲೇ ಓಡಿಬಂದರು. ಮಂಡಿ ಹಿಡಿದುಕೊಂಡು ಮುನಿಯಮ್ಮನೂ ಬಂದಳು.

ರಮ್ಯಾ ತಿರುಗಿ ನೋಡಿದಳು. ಸತ್ತವನು ಸೌಟು ಬೀಸುತ್ತಾ ತಮಟೆಯ ಜೊತೆ ತನ್ನ ಕಡೆಗೇ ಬರುತ್ತಿದ್ದ. ಬ್ಯಾಂಕಿನ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಸ್ಕೂಟರು ಬಿಟ್ಟು ಹುಣಸೆ ಮರದ ಹಿಂದೆ ನಿಂತಳು.

“ಮೇಡಂ, ನಾನು ಬದ್ಕಿವ್ನಿ” ಎಂದ ಅನಂತರಾಜು ಏದುಸಿರು ಬಿಡುತ್ತಾ.

“ಹೌದು ಕಣವ್ವ, ಬದ್ಕವ್ರೆ” ಎಂದರು ಅದೇ ಮರದಡಿಯ ಜನ.

ರಮ್ಯಾಗೆ ಈಗ ಭಯ ಹೋಗಿ ಸಿಟ್ಟು ಬಂತು. “ಈಗ ತಾನೇ ಸತ್ತರು ಅಂದ್ರಿ. ಈಗ ಬದುಕಿದ್ದಾರೆ ಅಂತೀರಿ. ಅನಂತರಾಜು ಅನ್ನೋರೇ ಇಲ್ಲ ಅಂತಾನೂ ಅಂದ್ರಿ. ಈ ಊರಿನ ಮಾತನ್ನ ನಾನು ಏನಂತ ಬರ್ಕೊಂಡು ಹೋಗ್ಲಿ? ಇವರು ಇಂಥವರು, ಇಲ್ಲೇ ಇದ್ದಾರೆ ಅಂತ ಗಟ್ಟಿಯಾಗಿ ಹೇಳೋರು ಒಬ್ಬರಾದ್ರೂ ಇದ್ದೀರಾ?”

ಸುಳ್ಳು ಹೇಳುವಾಗ ಇದ್ದ ಒಗ್ಗಟ್ಟು ನಿಜ ಹೇಳುವಾಗ ಇರಲಿಲ್ಲ. ಸಿರಿ ಅಳುವುದನ್ನು ತಡೆದುಕೊಂಡು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಆಗ ಗುಂಪಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಪಂಚೆಯ ಮುಂಭಾಗ ಪೂರ್ತಿ ಒದ್ದೆಯಾಗಿದ್ದ ಮುನಿಶಾಮಯ್ಯ ಮುಂದೆ ಬಂದ. ಅನಂತರಾಜುವಿನ ಹೆಗಲ ಮೇಲೆ ಕೈ ಹಾಕಿದ.

“ಅವ್ವಾ, ಇವ್ನು ನನ್ನ ತಂಗಿ ಗಂಡ. ಇವ್ನು ಬದ್ಕವ್ನೆ. ಅದಕ್ಕೆ ನಾನು ಜಾಮೀನು.”

ಊರು ಬೆರಗಾಯಿತು. ಭಾನುಪ್ರಿಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಕೋಳಿ ತಿಂದ ಮೇಲೆ ಅಣ್ಣ ಮೊದಲ ಸಲ ಬಾಯಿ ಬಿಟ್ಟಿದ್ದ.

ಬಿಟ್ಟ ಬಾಯಿ ಅಲ್ಲಿಗೇ ಮುಚ್ಚಲಿಲ್ಲ. “ಇನ್ನೊಂದು ಮಾತು. ನಿಮ್ಮ ಸರ್ಕಾರ ನಮ್ಮ ಮನೇಲಿ ಉಣ್ತಾ ಕೂತೈತೆ. ನೋಡ್ದೆ. ಪಾಪ, ಸೊರಗೋಗದೆ. ನಾಳೆ ಇರ್ತೀನೋ ಇಲ್ವೋ ಅಂತ ಅದೇ ಹೇಳ್ತು. ಅದನ್ನ ನಂಬ್ಕೊಂಡು ಮಗೀನ ಓದು ನಿಲ್ಲೋದು ಬ್ಯಾಡ. ಸರ್ಕಾರಕ್ಕೂ ನಾನೇ ಜಾಮೀನು.”

ರಮ್ಯಾಗೆ ಏನೊಂದೂ ತಿಳಿಯಲಿಲ್ಲ. ಎಲ್ಲರೂ ಸೇರಿ ಅವಳನ್ನು ಮನೆಗೆ ಕರೆದುಕೊಂಡು ಹೋದರು. ಎಲೆಯ ಮುಂದೆ ಕೂತಿದ್ದ ಸರ್ಕಾರ ಅವಳನ್ನು ನೋಡಿ ಗಾಬರಿಯಿಂದ ಎದ್ದು ನಿಂತಿತು.

“ಮೇಡಂ, ನಾನು ನೀರು ಕೇಳೋಕೆ ಬಂದೆ. ಇವರು ಬಿಡ್ತಿಲ್ಲ” ಎಂದ ಮಧುಕುಮಾರ್.

ಸಿರಿ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ರಮ್ಯಾ ಮೇಡಂ ಜಗುಲಿಯ ಕಂಬ ಹಿಡಿದುಕೊಂಡು ನಕ್ಕಳು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಮನೆ ನೋಡಿದಳು, ಅನಂತರಾಜುವನ್ನು ಇನ್ನೊಮ್ಮೆ ಮುಟ್ಟಿ ನೋಡಿದಷ್ಟು ಹತ್ತಿರದಿಂದ ನೋಡಿದಳು, ಬರೆಯಬೇಕಾದ್ದು ಬರೆದುಕೊಂಡಳು.

“ಅಣ್ಣ, ಕೇಳಿ. ಸರ್ಕಾರ ಯಾರ ಮನೆಗೂ ಬರಲ್ಲ. ಈ ಹುಡುಗಿ ಸಾಲ ಕಟ್ಟದೇ ಹೋದ್ರೆ ಬ್ಯಾಂಕಿಗೆ ನಷ್ಟ ಆಗದಿರ್ಲಿ ಅಂತ ಸರ್ಕಾರ ಬ್ಯಾಂಕಿಗೆ ಮಾತು ಕೊಟ್ಟಿದೆ, ಅಷ್ಟೇ. ಆದ್ರೆ ಕಟ್ಟಬೇಕಾದವಳು ಇವಳೇ. ಓದು ಮುಗಿಸಿ, ಕೆಲಸಕ್ಕೆ ಸೇರಿ, ಇವಳೇ ಕಟ್ಟಬೇಕು. ನಾವೆಲ್ಲ ನಂಬಿರೋದು ಇವಳನ್ನ.”

ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಸಿರಿಯ ಕಡೆ ತಿರುಗಿತು. ಬೆಳಿಗ್ಗೆಯಿಂದ ನೀರು ಹೊತ್ತು, ಎಲೆ ತೊಳೆದು, ಓಡಿ, ಕೆದರಿದ ಕೂದಲಲ್ಲಿ ನಿಂತಿದ್ದವಳು. ಅವಳು ಉಂಡಳೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುನಿಯಮ್ಮ ಮೆಲ್ಲಗೆ ಬಗ್ಗಿ ಗೋಡೆಯ ಪಕ್ಕದ ಮೊದಲ ಜಾಗದಲ್ಲಿ ಹೊಸ ಎಲೆ ಹಾಸಿದಳು. ಮಂಡಿ ಲಟಕ್ಕೆಂದಿತು. “ಕೂತ್ಕೊಳವ್ವ. ಇಲ್ಗಂಟ ಊರ್ನೋರ್ಗೆಲ್ಲ ಎಲೆ ಹಾಕ್ದೋ, ಸಾಲ ತೀರ್ಸೋಳ್ಗೆ ಹಾಕ್ನಿಲ್ಲ.”

ಸಿರಿ ಕೂತಳು. ಅವಳ ಪಕ್ಕ ರಮ್ಯಾ ಮೇಡಂ, ಆಚೆ ಮಧುಕುಮಾರ್ ಎರಡನೆಯ ಸುತ್ತಿಗೆ, ಆಮೇಲೆ ಖಲಂದರ್, ನಾನು. ಮುನಿಶಾಮಯ್ಯ ಕೊನೆಯ ಎಲೆಗೆ ಸಂತೋಷದಿಂದ ಕೂತ. ಅನಂತರಾಜು ಬಡಿಸಿದ. ಊಟವಾದ ಮೇಲೆ ಮುನಿಶಾಮಯ್ಯ ಎಲೆ ಅಡಿಕೆಯನ್ನು ಮಧುಕುಮಾರನ ಕೈಗಿಟ್ಟು, “ನೀನು ಡ್ರೈವರ್ರೇ ಆಗಿರು ಕಣಪ್ಪ, ಜೀಪಿನ ಮ್ಯಾಲೆ ಸರ್ಕಾರ ಅಂತ ಬರ್ದೈತಲ್ಲ. ನಿನ್ಗೆ ನಾನಿವ್ನಿ” ಎಂದ. ಮಧುಕುಮಾರನಿಗೆ ಈವರೆಗೆ ಯಾರೂ ಹೀಗೆ ಹೇಳಿರಲಿಲ್ಲವಂತೆ. ಕ್ಯಾನಿನ ತುಂಬ ನೀರು, ಡಬ್ಬಿಯ ತುಂಬ ಸಾರು ತೆಗೆದುಕೊಂಡು, ಮತ್ತೆ ಮತ್ತೆ ತಿರುಗಿ ನೋಡುತ್ತಾ ಹೋದ.

ಗುರುವಾರವೇ ಸಾಲ ಮಂಜೂರಾಯಿತು. ಶುಕ್ರವಾರ ಫೀಸು ಕಟ್ಟಿ ಅನಂತರಾಜು ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಬಿಟ್ಟುಬಂದ. ಸರಿಯಾದ ಹಾಸ್ಟೆಲಿಗೇ ಬಿಟ್ಟಿದ್ದಾನೆ, ನಾನು ಫೋನು ಮಾಡಿ ವಿಚಾರಿಸಿದ್ದೇನೆ. ಊರ ಬಾಗಿಲಿನ ಫ್ಲೆಕ್ಸನ್ನು ಅವನು ಬಿಚ್ಚಿ ತಂದು ಹುಳುಮನೆಯ ಸೂರಿಗೆ ಹೊದಿಸಿದ್ದಾನೆ. ವಿಧಾನಸೌಧ ಈಗ ಹುಳುಗಳನ್ನು ಮಳೆಯಿಂದ ಕಾಯುತ್ತಿದೆ.

ಕಷ್ಟಕ್ಕೆ ಸಿಕ್ಕಿಕೊಂಡವನು ಮುನಿಶಾಮಯ್ಯ. ಸರ್ಕಾರಕ್ಕೆ ಎಲೆ ಅಡಿಕೆ ಕೊಟ್ಟು ಜಾಮೀನು ನಿಂತ ಮಾತು, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಟಿವಿಯಲ್ಲಿ ಸರ್ಕಾರ ಅಲುಗಾಡುತ್ತಿದೆ, ಇವತ್ತೋ ನಾಳೆಯೋ ಎಂದು ಯಾರಾದರೂ ಕೂಗಿದರೆ ಸಾಕು, ಸಿರಿಯ ಸಾಲ ತನ್ನ ತಲೆಗೇ ಬಂತೆಂದು ಉಣ್ಣುತ್ತಿದ್ದ ಕೈ ನಿಲ್ಲುತ್ತದೆ. ಎಂಜಲು ಕೈಯಲ್ಲೇ ಫೋನು ಹುಡುಕಿ ಮೈಸೂರಿಗೆ ಮಾಡುತ್ತಾನೆ. ಮೊನ್ನೆ ನಾನು ಪಕ್ಕದಲ್ಲೇ ಕೂತಿದ್ದೆ.

“ಸಿರವ್ವಾ, ಓದ್ತಾ ಇದ್ದೀಯಾ?”

“ಓದ್ತಾ ಇವ್ನಿ ಮಾವ. ನಾಳಿಕೆ ಪರೀಕ್ಷೆ.”

ಮುನಿಶಾಮಯ್ಯ ಉಸಿರು ಬಿಟ್ಟ. ಫೋನು ಪಕ್ಕಕ್ಕಿಟ್ಟು, ಟಿವಿ ಆರಿಸಿ, ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

“ಸರ್ಕಾರಕ್ಕೇನೂ ಆಗಕ್ಕಿಲ್ಲ ಬುಡು” ಎಂದ ನನ್ನ ಕಡೆ ತಿರುಗಿ. “ಹುಡ್ಗಿ ಓದ್ತಾವ್ಳೆ.”